ನಾಲ್ಕು ಡಿಗ್ರಿಯಲ್ಲಿ ಬೆಳೆಯುವಂಥದು

ಬಾಗಿಲು ಧಡ್ ಎಂದು ಮುಚ್ಚಿತು.

ಹೊರಗಿನಿಂದ ಚಿಲಕ ಬಿದ್ದ ಸದ್ದು... ಆಮೇಲೆ ಕತ್ತಲು.

ಕೈ ಚಾಚಿದೆ. ತಣ್ಣಗೆ, ಒದ್ದೆಯಾಗಿ ಏನೋ ತಗುಲಿತು. ಅರ್ಧ ಹಂದಿ! ಕೊಕ್ಕೆಗೆ ತಲೆಕೆಳಗಾಗಿ ನೇತಾಡುತ್ತಿತ್ತು. ಅದರ ಪಕ್ಕ ಇನ್ನೊಂದು. ಅದರಾಚೆ ಮತ್ತೊಂದು. ಒಳಗಿನ ಹಿಡಿಗಾಗಿ ಬಾಗಿಲನ್ನೆಲ್ಲ ತಡಕಿದೆ. ಹಿಡಿ ಮುರಿದು ಎಷ್ಟು ವರ್ಷವಾಗಿತ್ತೋ!

"ಪೋಪಿಂಗಾ! ಬಾಗಿಲು ತೆಗಿ!"

"ಯಾಕ್ರೀ ಸಾಹೇಬ್ರೇ, ಚಳಿನಾ?" ಹೊರಗಿನಿಂದ ಕಸಾಯಿಯ ದಪ್ಪ ದನಿ. "ನಿಮ್ಮ ರಕ್ತನೂ ಹಿಂಗೇ ತಣ್ಣಗಿಡ್ತೀರಂತಲ್ಲ. ಸ್ವಲ್ಪ ಹೊತ್ತು ನೀವೂ ಇದ್ದು ನೋಡಿ!"

"ಇದು ಪೊಲೀಸ್ ಕೇಸಾಗುತ್ತೆ!"

"ಆಗ್ಲಿ. ಹನ್ನೊಂದೂವರೆ ದೋಣಿಗೆ ನಾನೇ ಹತ್ತಿಸ್ತೀನಿ. ಅಲ್ಲೀ ತನಕ ಹಂದಿಗಳ ಹತ್ರ ವಿಚಾರಣೆ ಮಾಡ್ತಿರಿ."

ಗೋಡೆಯ ಮೇಲೆ ಒಂದೇ ಒಂದು ಕೆಂಪು ಅಂಕಿ ಹೊಳೆಯುತ್ತಿತ್ತು.

ನಾಲ್ಕು ಡಿಗ್ರಿ.

ನಮ್ಮ ರಕ್ತದ ಫ್ರಿಜ್‌ನಲ್ಲೂ ಅಷ್ಟೇ.

ವಕೀಲರೇ, ಒಂದನ್ನೂ ಬಿಡದೆ ಹೇಳಿ ಅಂದಿರಿ. ಹೇಳುತ್ತೇನೆ. ಕೇಳಿದ ಮೇಲೆ ನನ್ನ ಕೇಸು ಬೇಡ ಅಂದರೂ ಬೇಸರವಿಲ್ಲ.

ಹದಿನಾರು ವರ್ಷ ಪೊಲೀಸಿನಲ್ಲಿ ಪತ್ತೇದಾರಿ ಮಾಡಿದವನು ನಾನು. ಆಮೇಲೆ ರಕ್ತನಿಧಿಗೆ ಸೇರಿದೆ. ಕೆಲಸ ಅದೇ ಥರದ್ದು. ರಕ್ತ ಏರಿಸಿಕೊಂಡ ರೋಗಿಗೆ ಏನಾದರೂ ಹೆಚ್ಚುಕಡಿಮೆಯಾದರೆ ಚೀಲದ ನಂಬರ್ ಹಿಡಿದು ಹಿಂದಕ್ಕೆ ಹೋಗುವುದು... ಕೊಟ್ಟವರ ಮನೆ ಬಾಗಿಲ ತನಕ.

ನಾನು ಆ ಹಂದಿಗಳ ಕೋಣೆಗೆ ಬೀಳುವ ಮೂರು ದಿನ ಮೊದಲು, ಶುಕ್ರವಾರ, ಇನ್ಸಾ ಬೆಹ್ರೆನ್ಸ್ ಎಂಬಾಕೆ ಸತ್ತಿದ್ದಳು. ನಲವತ್ತಾರು ವರ್ಷ. ಶಾಲೆಯೊಂದರಲ್ಲಿ ಅಡುಗೆಯವಳು. ಗರ್ಭಕೋಶದ ಆಪರೇಷನ್ ಚೆನ್ನಾಗಿಯೇ ಆಗಿತ್ತು. ಸುಸ್ತಾಗಿದ್ದಾಳೆ ಅಂತ ಒಂದು ಚೀಲ ರಕ್ತ ಕೊಟ್ಟರು. ಇಪ್ಪತ್ತು ನಿಮಿಷಕ್ಕೆ ಗಡಗಡ ನಡುಕ. ಎರಡು ಗಂಟೆಗೆ ರಕ್ತದೊತ್ತಡ ನೆಲ ಕಚ್ಚಿತು. ರಾತ್ರಿಗೆ ಮುಗಿಯಿತು.

ಭಾನುವಾರ ಮಧ್ಯಾಹ್ನ ಲ್ಯಾಬಿನವರು ಹೆಸರು ಹೇಳಿದರು... ಯೆರ್ಸೀನಿಯ!

ಬೇರೆ ರೋಗಾಣುಗಳು ಚಳಿಗೆ ಮುದುಡಿ ಮಲಗುತ್ತವೆ. ಇದು ಮಲಗುವುದಿಲ್ಲ. ಹಂದಿಯಿಂದ ಬರುತ್ತದೆ. ಒಬ್ಬರ ರಕ್ತದಲ್ಲಿ ಸದ್ದಿಲ್ಲದೆ ಸೇರಿಕೊಂಡಿರುತ್ತದೆ. ರಕ್ತ ಕೊಡುವ ದಿನ ಅವರು ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಚೀಲ ಫ್ರಿಜ್‌ಗೆ ಹೋಗುತ್ತದೆ. ಮೊದಲ ಎರಡು ವಾರ ಏನೂ ಇಲ್ಲ. ಮೂರನೆಯ ವಾರದ ಹೊತ್ತಿಗೆ ಒಂದು ಎರಡಾಗಿ, ಎರಡು ನಾಲ್ಕಾಗಿ... ಫ್ರಿಜ್ಜೇ ಅದಕ್ಕೆ ತವರುಮನೆ.

ಪರದೆಯ ಮೇಲೆ ರಕ್ತ ಕೊಟ್ಟವರ ಹೆಸರು ಮೂಡಿತು. ಒಕ್ಕಾ ಕಾಸೆನ್ಸ್. ಅರವತ್ತೊಂದು ವರ್ಷದ ಹೆಂಗಸು. ಓಸ್ಟರೂಗ್ ದ್ವೀಪ.

ಪರದೆಯನ್ನು ಇನ್ನೊಮ್ಮೆ ಓದಿದೆ.

ಆ ಹೆಸರು ನಾನು ಕೇಳಿದ್ದೆ!

ಮೂರು ವಾರದ ಹಿಂದೆ. ಶುಕ್ರವಾರ, ಸಂಜೆ ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಫೋನ್ ಹುಡುಗಿ ಮನೆಗೆ ಹೋಗಿದ್ದಳು. ನಾನೇ ಎತ್ತಿದೆ.

"ನಾನು ಓಸ್ಟರೂಗಿನಿಂದ ಒಕ್ಕಾ ಕಾಸೆನ್ಸ್. ಮೊನ್ನೆ ಬುಧವಾರ ರಕ್ತ ಕೊಟ್ಟಿದ್ದೆ. ನಿನ್ನೆಯಿಂದ ಹೊಟ್ಟೆ ಸರಿಯಿಲ್ಲ. ಹಂಗೇನಾದ್ರೂ ಆದ್ರೆ ಫೋನ್ ಮಾಡಿ ಅಂತ ಕಾಗದದಲ್ಲಿತ್ತು, ಅದಕ್ಕೆ ಮಾಡಿದೆ. ನಮ್ಮಲ್ಲಿ ಇನ್ನೊಬ್ಬನಿಗೂ ಹಂಗೇ ಆಗಿದೆ... ಬರ್ಕೋತೀರಾ?"

ಬರೆದುಕೊಂಡೆ. ಒಂದು ಚೀಟಿಯ ಮೇಲೆ. ಎರಡೂ ಹೆಸರು.

ನಿಯಮದ ಪ್ರಕಾರ ನಾಲ್ಕು ಪುಟದ ಫಾರಂ ತುಂಬಬೇಕು. ಲ್ಯಾಬಿಗೆ ಹೇಳಬೇಕು. ಎರಡೂ ಚೀಲ ತಡೆಹಿಡಿಯಬೇಕು. ಒಂದು ಗಂಟೆಯ ಕೆಲಸ. ಐದಕ್ಕೆ ನನಗೆ ಇಸ್ಪೀಟಿನ ಆಟವಿತ್ತು. ಮೂವರಿಲ್ಲದಿದ್ದರೆ ಆಟ ನಡೆಯುವುದಿಲ್ಲ.

"ಸೋಮವಾರ ನೋಡ್ತೀವಿ" ಎಂದೆ.

ಚೀಟಿ ಕೋಟಿನ ಜೇಬಿಗೆ. ಕೋಟು ಲಾಂಡ್ರಿಗೆ. ಆ ಸೋಮವಾರ ಬಂತು, ಹೋಯಿತು!

ಲ್ಯಾಬಿನವರು ಹೇಳಿದ ಆ ಭಾನುವಾರ ಜೇಬು ಹುಡುಕಿದೆ. ಬೂದು ಬಣ್ಣದ ಕಾಗದದ ಉಂಡೆ ಸಿಕ್ಕಿತು. ಎರಡನೆಯ ಹೆಸರು ಅದರಲ್ಲೇ ಕರಗಿಹೋಗಿತ್ತು. ತಲೆ ಚಚ್ಚಿಕೊಂಡರೂ ನೆನಪಾಗಲಿಲ್ಲ.

ನಮ್ಮ ಮುಖ್ಯಸ್ಥೆ ಡಾಕ್ಟರ್ ಥೇಡಾಗೆ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು... 'ಇನ್ನೊಬ್ಬ ಇದ್ದಾನೆ.' ಒಕ್ಕಾ ರಕ್ತ ಕೊಟ್ಟಿದ್ದ ದ್ವೀಪದ ಶಿಬಿರದ ನಲವತ್ತೊಂದು ಚೀಲಗಳಲ್ಲಿ ಉಳಿದದ್ದನ್ನೆಲ್ಲ ಒಂದು ಗಂಟೆಯೊಳಗೆ ವಾಪಸ್ ತರಿಸುತ್ತಿದ್ದಳು. ಆದರೆ ಅವಳು ಕೇಳುತ್ತಿದ್ದಳು: ನಿನಗೆ ಹೇಗೆ ಗೊತ್ತು? ಯಾವಾಗ ಗೊತ್ತಾಯಿತು?

ಹೇಳಲಿಲ್ಲ.

"ಒಕ್ಕಾಗೆ ವಿಷಯ ನಾನೇ ಹೋಗಿ ತಿಳಿಸ್ತೀನಿ" ಎಂದಷ್ಟೇ ಹೇಳಿ ಸೋಮವಾರ ಬೆಳಗಿನ ಮೊದಲ ದೋಣಿ ಹತ್ತಿದೆ. ಎರಡನೆಯವನು ಯಾರೆಂದು ನಾನೇ ಕಂಡುಹಿಡಿದು, ಚೀಲವನ್ನು ಸದ್ದಿಲ್ಲದೆ ಹಿಂತೆಗೆಸಿ, ಏನೂ ಆಗದವನಂತೆ ಇರುವ ಯೋಚನೆ.

ನೇರ ದಾರಿ ಒಕ್ಕಾಳ ಮನೆ. ಆದರೆ ಅವಳಿಗೆ ನನ್ನ ದನಿ ಗೊತ್ತು!

ಅದಕ್ಕೇ ಅಡ್ಡದಾರಿ ಹಿಡಿದೆ. ರಕ್ತ ಕೊಡುವುದಕ್ಕೆ ನಾಲ್ಕು ದಿನ ಮೊದಲು ದ್ವೀಪದ ಅಗ್ನಿಶಾಮಕ ದಳದವರು ಒಕ್ಕಾಳನ್ನೂ ಸೇರಿಸಿಕೊಂಡು ಒಟ್ಟಿಗೆ ತಿಂಡಿ ತಿಂದಿದ್ದರು ಎಂದು ದೋಣಿಯಲ್ಲೇ ತಿಳಿಯಿತು. ಬನ್ನಿನ ಮೇಲೆ ಹಸಿ ಹಂದಿ ಕೈಮಾ, ಮೇಲೆ ಈರುಳ್ಳಿ. ಕೈಮಾ ಕೊಟ್ಟವನು ಫೋಲ್ಕರ್ಟ್ ಪೋಪಿಂಗಾ. ದ್ವೀಪದ ಒಬ್ಬನೇ ಕಸಾಯಿ. ದಳದ ಉಪನಾಯಕನೂ ಅವನೇ. ಯಾರಿಗೆ ಹೊಟ್ಟೆ ಕೆಟ್ಟಿತ್ತು ಎಂದು ಅವನನ್ನು ಕೇಳಿದೆ.

"ಬನ್ನಿ, ಮಾಂಸ ಎಲ್ಲಿಡ್ತೀವಿ ತೋರಿಸ್ತೀನಿ" ಎಂದ.

ಫೋಟೊ ತೆಗೆಯಲು ಮೊಬೈಲ್ ಎತ್ತಿದೆ. ಕಿತ್ತುಕೊಂಡ. ಎದೆಗೆ ಒಂದು ಗುದ್ದು... ಬಾಗಿಲು ಧಡ್!

ಈಸ್ಟರ್ ಹತ್ತಿರವಿತ್ತು. ಪ್ರವಾಸಿಗರು ಬರುವ ಕಾಲ. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ಅವನೂ ಮುಚ್ಚಿಡುತ್ತಿದ್ದ, ನಾನೂ ಮುಚ್ಚಿಡುತ್ತಿದ್ದೆ.

ಹೊರಗೆ ಪೀ ಪೀ ಪೀ ಎಂದು ಏನೋ ಕಿರುಚಿತು. ದಳದವರನ್ನು ಕರೆಯುವ ಯಂತ್ರ.

"ಯಾರೋ ಹೆಂಗಸಿಗೆ ಗಾಡಿ ಕುದುರೆ ಒದ್ದಿದೆಯಂತೆ" ಪೋಪಿಂಗಾ ಬಾಗಿಲ ಸಂದಿಯಲ್ಲಿ ಕೂಗಿದ. "ಹೆಲಿಕಾಪ್ಟರ್ ಇಳಿಯೋ ಜಾಗ ನೋಡ್ಬೇಕು. ಬಂದು ಮಾತಾಡ್ತೀನಿ. ಎಲ್ಲೂ ಹೋಗ್ಬೇಡಿ, ಆಯ್ತಾ?"

ನಕ್ಕ. ಹೋದ.

ನಾನು ಬಾಗಿಲು ಬಡಿದೆ. ಒದ್ದೆ. ಕಿರುಚಿದೆ. ಐದು ನಿಮಿಷ... ಹತ್ತು ನಿಮಿಷ... ಬೆರಳುಗಳು ನನ್ನವಲ್ಲ ಅನಿಸತೊಡಗಿತು.

ಚಿಲಕ ಸರಿಯಿತು.

ಬೆಳಕಿನಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಬಿಳಿ ಏಪ್ರನ್, ಮೋಟು ಕೂದಲು, ಕೈಯಲ್ಲಿ ಒರೆಸುವ ಬಟ್ಟೆ.

"ಅಯ್ಯೋ ದೇವರೇ! ನಾನು ಈಗ ಅಂಗಡಿಗೆ ಬಂದೆ. ಯಾರ್ರೀ ನಿಮ್ಮನ್ನ ಇಲ್ಲಿ..."

"ತುಂಬಾ ಥ್ಯಾಂಕ್ಸ್ ಅಮ್ಮಾ" ಎಂದೆ. "ಫೋನ್ ಎಲ್ಲಿದೆ?"

ಅವಳ ಕೈ ಹಾಗೇ ನಿಂತಿತು.

"ಇನ್ನೊಂದ್ಸಲ ಮಾತಾಡಿ."

"ಏನು?"

"ಮಾತಾಡಿ ಅಂದೆ! ಈ ದನಿ ನಾನು ಕೇಳಿದೀನಿ... 'ಸೋಮವಾರ ನೋಡ್ತೀವಿ.' ಅದು ನೀವೇ ಅಲ್ವಾ?"

ಇಡೀ ದ್ವೀಪದಲ್ಲಿ ಯಾರಿಂದ ತಪ್ಪಿಸಿಕೊಳ್ಳಲು ಬಂದೆನೋ ಅವಳೇ! ಒಕ್ಕಾ ಕಾಸೆನ್ಸ್ ಸೋಮವಾರಗಳಂದು ಪೋಪಿಂಗಾನ ಅಂಗಡಿಯಲ್ಲಿ ಗಿರಾಕಿಗಳನ್ನು ನೋಡಿಕೊಳ್ಳುತ್ತಾಳೆಂದು ನನಗೇನು ಗೊತ್ತು?

"ಆ ಇನ್ನೊಬ್ಬ ಯಾರು?" ಎಂದೆ. ಹಲ್ಲು ಕಟಕಟ ಎನ್ನುತ್ತಿತ್ತು. "ಫೋನಲ್ಲಿ ಹೇಳಿದ್ರಲ್ಲ, ಹೊಟ್ಟೆ ಕೆಟ್ಟಿದ್ದ ಇನ್ನೊಬ್ಬ..."

"ಬರ್ಕೊಂಡ್ರಲ್ಲ?"

"ಕಳ್ಕೊಂಡೆ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆ ನೋಟಕ್ಕಿಂತ ಒಳಗಿನ ಚಳಿಯೇ ವಾಸಿ.

"ಹಿನ್ನರ್ಕ್ ಆಡೆನ್. ದಳದ ಬೆಂಕಿ ಗಾಡಿ ಓಡಿಸ್ತಾನೆ. ಪೋಪಿಂಗಾಗೆ ಹೆದರ್ಕೊಂಡು ಬಾಯಿ ಬಿಡ್ಲಿಲ್ಲ. ನಂದು ಓ ನೆಗೆಟಿವ್, ಎಲ್ಲರಿಗೂ ಆಗುತ್ತೆ ಅಂತ ಊರೆಲ್ಲಾ ಜಂಬ ಕೊಚ್ಕೋತಾನಲ್ಲ, ಅವ್ನೇ."

ಓ ನೆಗೆಟಿವ್!

ಯಾರ ಗುಂಪು ಏನೆಂದು ನೋಡಲು ಹೊತ್ತಿಲ್ಲದಾಗ ಏರಿಸುವ ರಕ್ತ. ಸಣ್ಣ ಚಿಕಿತ್ಸಾಲಯಗಳ ತುರ್ತು ಫ್ರಿಜ್‌ನಲ್ಲಿ ಇಡುವ ರಕ್ತ.

ಅಂಗಡಿ ಫೋನಿಗೆ ಹಾರಿದೆ. ಥೇಡಾಗೆ ಹಚ್ಚಿದೆ.

"ಹಿನ್ನರ್ಕ್ ಆಡೆನ್. ಒಕ್ಕಾ ಕೊಟ್ಟ ಶಿಬಿರದಲ್ಲೇ ಕೊಟ್ಟಿದಾನೆ. ಅವನ ಚೀಲ ಎಲ್ಲಿದೆ?"

"ಯಾಕೆ?"

"ಎಲ್ಲಿದೆ ಹೇಳಿ ಮೇಡಂ!"

ಕೀಲಿಮಣೆಯ ಟಕಟಕ.

"ನೀವಿರೋ ಕಡೆನೇ. ದ್ವೀಪದ ಚಿಕಿತ್ಸಾಲಯದಲ್ಲಿ. ಹೋದ ಮಂಗಳವಾರ ಹೋಗಿದೆ. ಇವತ್ತಿಗೆ ಇಪ್ಪತ್ತಾರು ದಿನದ ಚೀಲ. ಏನಾಯ್ತು ವಿಯಾರ್ಡ್?"

"ಅದೂ ಕೆಟ್ಟಿರಬೋದು. ಅಲ್ಲಿಗೆ ಫೋನ್ ಮಾಡ್ತಾನೇ ಇರಿ!"

"ಇದನ್ನ ನಿಮಗೆ ಯಾರು ಹೇಳಿದ್ದು? ಯಾವಾಗ ಹೇಳಿದ್ದು?"

ಫೋನ್ ಇಟ್ಟೆ. ಚಿಕಿತ್ಸಾಲಯಕ್ಕೆ ನಾನೂ ಮಾಡಿದೆ. ಗಂಟೆ ಬಡಿಯಿತು... ಬಡಿಯಿತು... ಬಡಿಯುತ್ತಲೇ ಇತ್ತು. ಒಬ್ಬ ಡಾಕ್ಟರ್, ಒಬ್ಬಳು ನರ್ಸ್. ಕುದುರೆ ಒದ್ದ ಹೆಂಗಸಿನ ಸುತ್ತ ಇಬ್ಬರೂ ಇದ್ದಾರೆ. ಎತ್ತುವವರಾರು?

"ಹಿಂದೆ ಸೈಕಲ್ ಇದೆ" ಎಂದಳು ಒಕ್ಕಾ. "ದಡದ ರಸ್ತೆ ಹಿಡಿದು ನೇರ ಹೋಗಿ. ಹೋಗ್ರೀ!"

ಆ ದ್ವೀಪದಲ್ಲಿ ಕಾರಿಲ್ಲ. ಕುದುರೆ ಗಾಡಿ, ಸೈಕಲ್, ಕಾಲು. ಎಂಜಿನ್ ಇರುವುದು ಬೆಂಕಿ ಗಾಡಿಗೆ ಮಾತ್ರ. ಮಾಂಸ ಹೊರುವ ಬುಟ್ಟಿಯ ಸೈಕಲ್ ಹತ್ತಿ ತುಳಿದೆ. ಸಮುದ್ರದಿಂದ ಮಂಜು ಉರುಳಿ ಬರುತ್ತಿತ್ತು. ಹತ್ತು ಮಾರು ಮುಂದಿನದು ಕಾಣದು. ಮೇಲೆಲ್ಲೋ ಹೆಲಿಕಾಪ್ಟರಿನ ಸದ್ದು ಸುತ್ತಿತು... ಸುತ್ತಿತು... ದೂರವಾಯಿತು.

ಇಳಿಯಲಾಗದೆ ವಾಪಸ್ ಹೋಯಿತು!

ಅಂದರೆ ಆ ಹೆಂಗಸನ್ನು ಇಲ್ಲೇ ಉಳಿಸಿಕೊಳ್ಳಬೇಕು. ಅಂದರೆ ರಕ್ತ ಏರಿಸುತ್ತಾರೆ. ಈಗಲೇ!

ತುಳಿದೆ. ಎದೆಗೂಡು ಉರಿಯುತ್ತಿತ್ತು. ಐವತ್ನಾಲ್ಕು ವರ್ಷ, ಇಪ್ಪತ್ತು ಕಿಲೊ ಬೊಜ್ಜು. ಹಿಂದೆ ಎಂಜಿನ್ನಿನ ಗುರುಗುರು ಕೇಳಿಸಿತು. ಮಂಜಿನಲ್ಲಿ ಎರಡು ಹಳದಿ ಕಣ್ಣು...

ಬೆಂಕಿ ಗಾಡಿ! ಪಕ್ಕಕ್ಕೆ ಬಂತು. ಮುಂದೆ ಹೋಯಿತು. ಅಡ್ಡ ನಿಂತಿತು!

ಬ್ರೇಕ್ ಹಿಡಿದೆ. ಚಕ್ರ ಜಾರಿತು. ಸೈಕಲ್ ಒಂದು ಕಡೆ, ನಾನು ಚರಂಡಿಗೆ!

ಕಣ್ಣೊರೆಸಿಕೊಂಡು ನೋಡಿದರೆ ಪೋಪಿಂಗಾ ನಿಂತಿದ್ದ. ಕೈಯಲ್ಲಿ ಕಬ್ಬಿಣದ ಸನ್ನೆಗೋಲು.

"ನನ್ನ ಸೈಕಲ್ ಕದ್ಕೊಂಡು ಎಲ್ಲಿಗೆ ಸವಾರಿ? ಅಂಗಡಿ ಮುಚ್ಸೋಕಾ?"

"ದಾರಿ ಬಿಡಿ! ಆ ಹೆಂಗಸಿಗೆ ಹಾಕೋ ರಕ್ತ ಕೆಟ್ಟಿದೆ!"

"ಮೊದಲು ನನ್ನ ಕೈಮಾ ಕೆಟ್ಟಿತ್ತು. ಈಗ ರಕ್ತ ಕೆಟ್ಟಿದೆ. ನಾಳೆ ಸಮುದ್ರ ಕೆಟ್ಟಿದೆ ಅಂತೀರಿ!"

"ಹಿನ್ನರ್ಕ್ ಆಡೆನ್ ರಕ್ತ ಅದು!"

ಚಾಲಕನ ಕಿಟಕಿಯಿಂದ ಕೆಂಪು ಗಡ್ಡದ ಮುಖವೊಂದು ಹೊರಬಂತು. "ನಂದಾ? ನನ್ನ ರಕ್ತಕ್ಕೇನಾಗಿದೆ?"

"ನಿಮಗೆ ಹೊಟ್ಟೆ ಕೆಟ್ಟಿತ್ತಾ ಇಲ್ವಾ? ರಕ್ತ ಕೊಟ್ಟ ಮಾರನೇ ದಿನ?"

ಹಿನ್ನರ್ಕ್ ಪೋಪಿಂಗಾನ ಮುಖ ನೋಡಿದ. ತುಟಿ ಬಿಗಿದ.

"ನೋಡಿ, ಏನೂ ಆಗಿಲ್ಲ ಅವ್ನಿಗೆ" ಎಂದ ಪೋಪಿಂಗಾ. ಸನ್ನೆಗೋಲು ನನ್ನ ಎದೆಗೆ ತಾಗಿತು. "ಯಾರ್ರೀ ನಿಮಗೆ ಈ ಕತೆ ಹೇಳಿದ್ದು?"

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಸುಳ್ಳು ಹೇಳುವುದರಲ್ಲಿ ನಾನು ಪಳಗಿದ ಪೊಲೀಸಿನವನು. ಆದರೆ ಹೊತ್ತಿರಲಿಲ್ಲ. ಸುಳ್ಳಿಗೆ ವಿವರಣೆ ಬೇಕು, ನಿಜಕ್ಕೆ ಬೇಡ.

"ಒಕ್ಕಾ ಹೇಳಿದ್ರು" ಎಂದೆ. "ಇವತ್ತಲ್ಲ, ಮೂರು ವಾರದ ಹಿಂದೆ. ಫೋನ್ ಮಾಡಿ ಇಬ್ಬರ ಹೆಸರೂ ಹೇಳಿದ್ರು. ಎತ್ತಿದವನು ನಾನು. ಇಸ್ಪೀಟ್ ಆಡೋಕೆ ಹೋಗ್ಬೇಕಿತ್ತು, ಚೀಟಿ ಜೇಬಿಗೆ ಹಾಕ್ಕೊಂಡೆ. ಮೊನ್ನೆ ಒಕ್ಕಾ ರಕ್ತ ಏರಿಸ್ಕೊಂಡ ಒಬ್ಬ ಹೆಂಗಸು ಸತ್ತಳು. ಕೊಂದಿದ್ದು ನಾನು. ನಿಮ್ಮ ಅಂಗಡಿ ಅಲ್ಲ... ನಾನು! ಈಗ ಇಲ್ಲಿ ನಿಂತಿದ್ರೆ ಎರಡನೆಯವಳನ್ನ ನಾವು ಮೂರೂ ಜನ ಸೇರಿ ಕೊಲ್ತೀವಿ!"

ಮಂಜು. ಎಂಜಿನ್ನಿನ ಗುರುಗುರು.

"ಹೊಟ್ಟೆ ಕೆಟ್ಟಿತ್ತು" ಎಂದ ಹಿನ್ನರ್ಕ್ ಮೆಲ್ಲಗೆ. "ಎರಡು ದಿನ. ಜ್ವರಾನೂ ಬಂದಿತ್ತು."

ಪೋಪಿಂಗಾನ ಸನ್ನೆಗೋಲು ಕೆಳಗಿಳಿಯಿತು. ನನ್ನ ಕಾಲರ್ ಹಿಡಿದು ಚರಂಡಿಯಿಂದ ಮೇಲೆಳೆದು ಮೂಟೆಯಂತೆ ಗಾಡಿಯೊಳಗೆ ಎಸೆದ.

"ಸೈರನ್ ಹಾಕೋ!" ಎಂದು ಗರ್ಜಿಸಿದ.

ಚಿಕಿತ್ಸಾಲಯದ ಬಾಗಿಲನ್ನು ಭುಜದಿಂದ ತಳ್ಳಿದೆ. ಮೇಜಿನ ಮೇಲೆ ಬೆಳ್ಳಗಾದ ಹೆಂಗಸು. ಹೊಟ್ಟೆಗೆ ಬಿಗಿದ ಪಟ್ಟಿ. ಡಾಕ್ಟರ್ ಬಾಗಿ ನಿಂತಿದ್ದ. ಕಂಬಿಯ ಮೇಲೆ ಚೀಲ ತೂಗುತ್ತಿತ್ತು. ಅದರಿಂದ ಹನಿ... ಹನಿ... ಹನಿ...

"ನಿಲ್ಸಿ! ರಕ್ತ ನಿಲ್ಸಿ!"

"ಯಾರ್ರೀ ನೀವು? ಆಚೆ ಹೋಗಿ!" ನರ್ಸ್ ಅಡ್ಡ ಬಂದಳು.

"ಅದು ಎಷ್ಟನೇ ಚೀಲ?"

"ಎರಡನೇದು. ಈಗಷ್ಟೇ ಹಾಕಿದೆ..."

"ನಿಲ್ಸಿದ್ರೆ ಸಾಯ್ತಾರೆ!" ಡಾಕ್ಟರ್ ತಲೆಯೆತ್ತದೆ ಕೂಗಿದ. "ಒಳಗೆ ರಕ್ತ ಸೋರ್ತಾ ಇದೆ!"

"ಹಾಕಿದ್ರೂ ಸಾಯ್ತಾರೆ! ನನ್ನ ನಂಬ್ಬೇಡಿ. ಚೀಲದ ಬಾಲ ನೋಡಿ!"

ಪ್ರತಿ ಚೀಲಕ್ಕೂ ಬಾಲದಂತೆ ಒಂದು ಸಣ್ಣ ಕೊಳವೆ ಅಂಟಿಕೊಂಡಿರುತ್ತದೆ. ಅದೇ ರಕ್ತ, ಆದರೆ ತುಂಡು ತುಂಡಾಗಿ ಬೇರೆ ಮುಚ್ಚಿದ್ದು; ಅಷ್ಟು ಸಣ್ಣ ತುಂಡಿಗೆ ರೋಗಾಣು ಸಾಮಾನ್ಯವಾಗಿ ಸೇರಿರುವುದಿಲ್ಲ. ನಾನು ಅದನ್ನೆಳೆದು ಚೀಲದ ಮಗ್ಗುಲಿಗೆ ಹಿಡಿದೆ. ಕೊಳವೆಯಲ್ಲಿದ್ದದ್ದು ಚೆರ್ರಿ ಹಣ್ಣಿನ ಕೆಂಪು. ಚೀಲದಲ್ಲಿದ್ದದ್ದು... ನೇರಳೆ. ಹೆಚ್ಚುಕಡಿಮೆ ಕಪ್ಪು. ಒಳಗಿದ್ದ ರೋಗಾಣುಗಳು ಅದರ ಉಸಿರನ್ನೆಲ್ಲ ತಿಂದು ಮುಗಿಸಿದ್ದವು.

ಡಾಕ್ಟರ್ ನೋಡಿದ. ಒಂದೇ ಒಂದು ಕ್ಷಣ. ಕೈ ಚಾಚಿ ಕ್ಲಿಪ್ ಒತ್ತಿದ.

ಹನಿ ನಿಂತಿತು.

ಅಷ್ಟರಲ್ಲಿ ಹೆಂಗಸಿನ ಗಲ್ಲ ನಡುಗತೊಡಗಿತು. ಆಮೇಲೆ ಭುಜ. ಆಮೇಲೆ ಮೇಜೇ ಗಡಗಡ...

ಆಮೇಲಿನ ಎರಡು ಗಂಟೆ ಹೇಗೆ ಕಳೆಯಿತೋ! ಡಾಕ್ಟರ್ ಇದ್ದಬದ್ದ ಆಂಟಿಬಯೊಟಿಕ್ ಎಲ್ಲ ಸುರಿದ. ನರ್ಸ್ ಉಪ್ಪುನೀರಿನ ಬಾಟಲಿಗಳನ್ನು ಹಿಂಡುತ್ತಿದ್ದಳು. ಪೋಪಿಂಗಾ ತನ್ನ ದಪ್ಪ ಕೈಗಳಿಂದ ಆ ಹೆಂಗಸಿನ ಹೊಟ್ಟೆಯ ಪಟ್ಟಿಯನ್ನು ಒತ್ತಿ ಹಿಡಿದು ನಿಂತವನು ಕದಲಲಿಲ್ಲ. ಹಿನ್ನರ್ಕ್ ಹೊರಗೆ ಗೋಡೆಗೆ ಹಣೆ ಹಚ್ಚಿ ಅಳುತ್ತಿದ್ದ. ಹನ್ನೆರಡೂಕಾಲಿಗೆ ಮಂಜು ಸರಿಯಿತು. ಹೆಲಿಕಾಪ್ಟರ್ ಇಳಿಯಿತು.

ಆಕೆ ಬದುಕಿದಳು. ಹನ್ನೊಂದು ದಿನ ಐಸಿಯು. ಬೀಲೆಫೆಲ್ಡ್ ಊರಿನಿಂದ ಬಂದಿದ್ದ ಸಂಗೀತದ ಟೀಚರಂತೆ. ನನಗೆ ಒಂದು ಹೂವಿನ ಕಾರ್ಡ್ ಕಳಿಸಿದಳು. ಬಿಚ್ಚಿ ಓದಲಿಲ್ಲ.

ಹೊರಗೆ ಬಂದಾಗ ಮೆಟ್ಟಿಲ ಮೇಲೆ ಒಕ್ಕಾ ಕೂತಿದ್ದಳು. ಏಪ್ರನ್ ಬಿಚ್ಚಿರಲಿಲ್ಲ.

"ಹಿನ್ನರ್ಕ್ ಹೇಳ್ದ" ಎಂದಳು. "ಯಾರೋ ಸತ್ತಿದಾರಂತೆ. ಅದು ನನ್ನ ರಕ್ತನಾ?"

ಪೊಲೀಸಿನಲ್ಲಿದ್ದಾಗ ಎಷ್ಟೋ ಮನೆಗಳ ಬಾಗಿಲಲ್ಲಿ ನಿಂತು ಸಾವಿನ ಸುದ್ದಿ ಹೇಳಿದವನು ನಾನು. ಅವಳ ಪಕ್ಕ ಮೆಟ್ಟಿಲ ಮೇಲೆ ಕೂತೆ.

"ಚೀಲ ನಿಮ್ಮದು" ಎಂದೆ. "ತಪ್ಪು ನಿಮ್ಮದಲ್ಲ."

"ಅವರ ಹೆಸರೇನು?"

"ಇನ್ಸಾ ಬೆಹ್ರೆನ್ಸ್."

ಅವಳು ತುಟಿಯಲ್ಲೇ ಆ ಹೆಸರನ್ನು ಒಮ್ಮೆ ಹೇಳಿಕೊಂಡಳು.

"ನಾನು ಫೋನ್ ಮಾಡಿದ್ದೆ ಅಲ್ವಾ?"

"ಮಾಡಿದ್ರಿ."

"ಇಬ್ಬರ ಹೆಸರೂ ಹೇಳಿದ್ದೆ."

"ಹೇಳಿದ್ರಿ."

"ಆದ್ರೆ ನಿಮ್ಮ ಹೆಸರು ಕೇಳಿಲ್ಲ. ಸೋಮವಾರ ಇನ್ನೊಂದ್ಸಲ ಮಾಡ್ಬೇಕಿತ್ತು. ಹೊಟ್ಟೆ ವಾಸಿಯಾಯ್ತಲ್ಲ ಅಂತ ಸುಮ್ನಾದೆ..."

ನೋಡಿದಿರಾ ವಕೀಲರೇ? ಮಾಡಬೇಕಾದ್ದನ್ನೆಲ್ಲ ಮಾಡಿದವಳು ತನ್ನ ತಪ್ಪನ್ನು ಹುಡುಕುತ್ತಿದ್ದಳು! ನಾನು ಮೂರು ವಾರ ಹಾಯಾಗಿ ನಿದ್ದೆ ಮಾಡಿದ್ದೆ.

"ವಿಯಾರ್ಡ್ ಉಬ್ಬೆನ್" ಎಂದೆ. "ನನ್ನ ಹೆಸರು."

ಏಪ್ರನ್ನಿನ ಜೇಬಿನಿಂದ ಅಂಗಡಿಯ ಚೀಟಿ ಪುಸ್ತಕ ತೆಗೆದು ಅದನ್ನು ಬರೆದುಕೊಂಡಳು. ಅಕ್ಷರ ಸರಿಯಿದೆಯೇ ಎಂದು ನನಗೇ ತೋರಿಸಿದಳು. ಆಮೇಲೆ ಎದ್ದು ಹೋದಳು.

ಥೇಡಾಗೆ ಅಂದೇ ಎಲ್ಲ ಬರೆದುಕೊಟ್ಟೆ. ಆ ಶಿಬಿರದ ಉಳಿದ ಹನ್ನೊಂದು ಚೀಲ ಸಂಜೆಯೊಳಗೆ ವಾಪಸಾದವು. ಯಾವುದರಲ್ಲೂ ಏನೂ ಇರಲಿಲ್ಲ. ನನ್ನ ಕೆಲಸ ಹೋಯಿತು. ಮಿಕ್ಕಿದ್ದು ನಿಮ್ಮ ಕಡತದಲ್ಲೇ ಇದೆ.

ಇಲ್ಲದಿರುವುದು ಒಂದೇ. ಇನ್ಸಾಳ ಗಂಡ ರೆಮ್ಮರ್‌ನ ಹತ್ತಿರ ಹೋಗಬೇಡಿ, ಕೇಸಿಗೆ ತೊಂದರೆ ಎಂದು ನೀವು ಹೇಳಿದ್ದಿರಿ.

ನಿನ್ನೆ ಹೋಗಿದ್ದೆ.

ಬಾಗಿಲು ತೆಗೆದ. ಉದ್ದನೆಯ ಮನುಷ್ಯ, ಕೆಂಪಗಾದ ಕಣ್ಣು. ಹೆಸರು ಹೇಳಿದೆ. ಏನು ಮಾಡಿದೆ ಎಂದೂ ಹೇಳಿದೆ, ಹೊಸ್ತಿಲ ಮೇಲೆ ನಿಂತೇ. ಹೊಡೆಯುತ್ತಾನೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು!

"ಒಳಗೆ ಬನ್ನಿ" ಎಂದ.

ಅಡುಗೆಮನೆಯಲ್ಲಿ ಕೂರಿಸಿದ. ಟೀ ಮಾಡಿದ. ಬಟ್ಟಲಿಗೆ ಕಲ್ಲುಸಕ್ಕರೆ, ಮೇಲೆ ಟೀ, ಅಂಚಿನಿಂದ ಕೆನೆ. ಎದುರು ಕೂತು ನಾನು ಕುಡಿಯುವುದನ್ನೇ ನೋಡಿದ. ಬಟ್ಟಲು ಖಾಲಿಯಾಯಿತು. ಮತ್ತೆ ತುಂಬಿಸಿದ. ಅದೂ ಖಾಲಿಯಾಯಿತು. ಮತ್ತೆ ತುಂಬಿಸಿದ. ನೀವು ಹ್ಯಾನೋವರಿನವರು, ನಿಮಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ಸಾಕು ಅನ್ನುವುದಕ್ಕೆ ಚಮಚವನ್ನು ಬಟ್ಟಲೊಳಗೆ ನಿಲ್ಲಿಸಬೇಕು. ನಿಲ್ಲಿಸುವ ತನಕ ಸುರಿಯುತ್ತಲೇ ಇರುತ್ತಾರೆ. ಮೂರನೇ ಬಟ್ಟಲಿಗೆ ಎಲ್ಲರೂ ನಿಲ್ಲಿಸುತ್ತಾರೆ.

ನನಗೆ ಕೈ ಬರಲಿಲ್ಲ.

ನಾಲ್ಕು... ಐದು... ಆರು...

ಏಳನೆಯದು ಮುಗಿದಾಗ ಆತ ಕೇಳಿದ.

"ಚಮಚ ಇಡಲ್ವಾ?"

"ಇಡಲ್ಲ" ಎಂದೆ.

"ಒಳ್ಳೇದಾಯ್ತು" ಎಂದು ಎದ್ದು ಒಲೆಯ ಕಡೆ ಹೋದ. "ಇನ್ನೂ ನೀರು ಕಾಯ್ತಿದೆ."